ಮುಖ್ಯ ದಿನ ಬಿಟ್ಟು ಹಬ್ಬ ನೋಡಿದ ನನ್ನ ಲೆಕ್ಕ

ನಮ್ಮ ಷಡ್ಡಕರು ನನಗೆ ಇಟ್ಟಿರುವ ಹೆಸರು "ಚಪ್ಪರದ ದಿನ ಬಂದು ಧಾರೆ ದಿನ ಓಡಿಹೋಗೋ ನೆಂಟ". ಹೊರದೇಶದ ಹಬ್ಬ ನೋಡೋಕೆ ಅಂತ ದುಡ್ಡು ಖರ್ಚು ಮಾಡಿ ಹೋಗುತ್ತೇನೆ. ಹಬ್ಬ ಜೋರಾಗುವ ಹೊತ್ತಿಗೆ ಬ್ಯಾಗ್ ಕಟ್ಟಿಕೊಂಡು ವಾಪಸ್ ಬರುತ್ತೇನೆ. ನಾಲ್ಕೈದು ವರ್ಷ ಇದಕ್ಕೆ ನಕ್ಕವರು ತುಂಬಾ ಜನ. ಶ್ರೀಲಂಕಾದ ಕ್ಯಾಂಡಿಗೆ ಹೋಗಿ ಬಂದ ಮೇಲೆ ನಗು ಕಮ್ಮಿಯಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಪಾಸ್‌ಪೋರ್ಟು, ಟಿಕೆಟ್ಟು ಮಾಡಿಸೋದು ಹೇಗೆ ಅಂತ ಹೇಳಲ್ಲ. ಒಂದೆರಡು ಸಲ ಸ್ವಂತ ಪ್ಲಾನಿನಲ್ಲಿ ಹೋಗಿಬಂದವರಿಗೆ ಅದೆಲ್ಲ ಗೊತ್ತೇ ಇರುತ್ತದೆ.

ನಾನು ಲೈನ್‌ಮನ್ ಆಗಿದ್ದವನು. ಹುಟ್ಟಿ ಬೆಳೆದದ್ದು ಮೈಸೂರಿನ ಮಂಡಿ ಮೊಹಲ್ಲಾ. ರಿಟೈರ್ ಆಗಿದ್ದು 2017ರಲ್ಲಿ. ಎಷ್ಟೋ ದಸರಾಗಳನ್ನು ಕಂಬದ ಮೇಲೆ ಅಥವಾ ಕಂಬದ ಕೆಳಗೆ ಡ್ಯೂಟಿಯಲ್ಲಿ ಕಳೆದಿದ್ದೇನೆ. ಜಂಬೂ ಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತವನಿಗೆ ಕಾಣೋದು ಮುಂದೆ ನಿಂತವನ ತಲೆ, ಆ ತಲೆ ಮೇಲೆ ಕೂತ ಮಗು. ಆನೆ ನೋಡಬೇಕು ಅಂದರೆ ತಾಲೀಮಿಗೆ ಹೋಗಬೇಕು. ಬೆಳಿಗ್ಗೆ ಏಳೂವರೆ ಎಂಟಕ್ಕೆ ಬೆನ್ನ ಮೇಲೆ ಮರಳು ಮೂಟೆ ಹೊತ್ತು ಅರಮನೆಯಿಂದ ಬನ್ನಿಮಂಟಪದ ಕಡೆ ಹೊರಡುತ್ತವೆ. ಆಮೇಲೆ ಮರದ ಅಂಬಾರಿ, ಫಿರಂಗಿ ಸದ್ದಿನ ತಾಲೀಮು. 750 ಕೆಜಿ ಚಿನ್ನದ ಅಂಬಾರಿ ಬರೋದು ಕೊನೆಗೆ. ಅಷ್ಟರಲ್ಲಿ ಅಂಬಾರಿ ಆನೆ ಅರ್ಜುನನಿಗೆ ಯಾವ ಸರ್ಕಲ್ಲಿನಲ್ಲಿ ಸಿಟ್ಟು ಬರುತ್ತೆ ಅಂತ ನಮ್ಮ ಬೀದಿ ಹುಡುಗರಿಗೂ ಗೊತ್ತಿರುತ್ತಿತ್ತು. ಕಾಸಿಲ್ಲ, ಪಾಸಿಲ್ಲ, ನೂಕುನುಗ್ಗಲಿಲ್ಲ.

ಇಷ್ಟು ಗೊತ್ತಿದ್ದೂ ಮೊದಲ ಸಲ ಹೊರದೇಶಕ್ಕೆ ಹೋದಾಗ ನಾನು ಎಲ್ಲರ ಹಾಗೆ ಮುಖ್ಯ ದಿನಕ್ಕೇ ಹೋದೆ.

ಅದು 2018ರ ನವೆಂಬರ್. ಕಾಂಬೋಡಿಯಾದ ನೀರಿನ ಹಬ್ಬ, ಬೋನ್ ಓಂ ತೂಕ್. ನಮ್ಮ ಕಾರ್ತಿಕ ಹುಣ್ಣಿಮೆ ಆಸುಪಾಸಿಗೆ ಬರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ, ತೋನ್ಲೆ ಸಾಪ್ ನದಿಯನ್ನು ಹಿಂದಕ್ಕೆ ದೊಡ್ಡ ಕೆರೆಯ ಕಡೆ ತಳ್ಳುತ್ತದೆ. ಮಳೆ ಮುಗಿದ ಮೇಲೆ ನದಿ ಮತ್ತೆ ತಿರುಗಿ ಸಮುದ್ರದ ಕಡೆ ಹರಿಯುತ್ತದೆ. ಆ ಖುಷಿಗೆ ನಾಮ್ ಪೆನ್‌ನಲ್ಲಿ ಅರಮನೆ ಮುಂದೆ ದೋಣಿ ಓಟ. ಮಾಮೂಲಿ ದಿನ 18 ಡಾಲರ್ ಇದ್ದ ರೂಮಿಗೆ ಹಬ್ಬಕ್ಕೆ 45 ಕೇಳಿದರು, ಕೊಟ್ಟೆ. ದೋಣಿ ಕಂಡದ್ದು ಎರಡೋ ಮೂರೋ, ಅದೂ ಹುಟ್ಟುಗಳ ತುದಿ ಮಾತ್ರ. ಅಲ್ಲೇ ಒಬ್ಬ ತುಕ್‌ತುಕ್ ಡ್ರೈವರ್ ಇದೇ ಹಬ್ಬದಲ್ಲಿ 2010ರಲ್ಲಿ ಸೇತುವೆ ಮೇಲೆ ಕಾಲ್ತುಳಿತವಾಗಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು ಅಂದ. ಆಮೇಲೆ ನನಗೆ ಗುಂಪಿನೊಳಗೆ ಉಸಿರೇ ಆಡಲಿಲ್ಲ. ಸಾಲದ್ದಕ್ಕೆ ನನ್ನ ಐವತ್ತು ಡಾಲರ್ ನೋಟಿನ ಅಂಚು ಕೂದಲೆಳೆಯಷ್ಟು ಹರಿದಿತ್ತು. ಮೂರು ಅಂಗಡಿ, ಎರಡು ಹೋಟೆಲ್, ಯಾರೂ ಮುಟ್ಟಲಿಲ್ಲ. ಆ ದೇಶದಲ್ಲಿ ಡಾಲರ್ ಧಾರಾಳವಾಗಿ ಓಡುತ್ತದೆ, ಆದರೆ ನೋಟು ಗರಿಗರಿಯಾಗಿರಬೇಕು. ಮೂರೂವರೆ ಸಾವಿರ ರೂಪಾಯಿ ಜೇಬಲ್ಲೇ ಇದ್ದೂ ಇಲ್ಲದ ಹಾಗಾಯಿತು. ಎಲ್ಲಾ ಸೇರಿ ಒಬ್ಬನಿಗೇ 90 ಸಾವಿರ ಹತ್ತಿರ ಹೋಯಿತು.

ಆ ಪ್ರವಾಸವನ್ನು ಸ್ವಲ್ಪ ಉಳಿಸಿದ್ದು ಅಂಕೋರ್‌ನ ಹಳೇ ದೇವಸ್ಥಾನಗಳು. ಬಸ್ಸಿನಲ್ಲಿ ಸೀಮ್ ರೀಪ್‌ಗೆ ಹೋಗಿ ಮೂರು ದಿನದ ಟಿಕೆಟ್ ತಗೊಂಡೆ, 62 ಡಾಲರ್. ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಹೋಗಬಹುದು. ಮೊದಲ ದಿನ ಸೂರ್ಯೋದಯಕ್ಕೆ ಹೋದೆ. ಕೊಳದ ಹತ್ತಿರ ಮತ್ತೆ ತಲೆಗಳೇ. ಎರಡನೇ ದಿನ ಸುಮ್ನೆ ನೋಡೋಣ ಅಂತ ಮಧ್ಯಾಹ್ನ ಹನ್ನೊಂದೂವರೆಗೆ ಹೋದೆ. ಟೂರಿನವರೆಲ್ಲ ಊಟಕ್ಕೆ ಹೋಗಿದ್ದರು. ಬಿಸಿಲೇನೋ ಸುಡುತ್ತಿತ್ತು, ಆದರೆ ಉಬ್ಬುಶಿಲ್ಪದ ಮೊಗಸಾಲೆಗಳಿಗೆ ಮೇಲೆ ಚಾವಣಿ ಇದೆಯಲ್ಲ. ಸಮುದ್ರಮಥನದ ಆ ಗೋಡೆ ಹತ್ತಿರತ್ತಿರ 50 ಮೀಟರ್ ಉದ್ದ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು ಅಂತಾರೆ. ನಾನೂ ಎಣಿಸೋಕೆ ಹೋಗಿ ಎರಡು ಸಲ ಲೆಕ್ಕ ತಪ್ಪಿ ಬಿಟ್ಟೆ. ಒಂದು ಗಂಟೆ ಅಲ್ಲಿ ನಾನು, ಒಬ್ಬ ಕಾವಲುಗಾರ, ಇಬ್ಬರೇ. ಸೋಮನಾಥಪುರದಲ್ಲಿ ಭಾನುವಾರ ನನಗೆ ಈ ಭಾಗ್ಯ ಯಾವತ್ತೂ ಸಿಕ್ಕಿಲ್ಲ.

ಆ ಗೋಡೆಗೆ ಒರಗಿ ಕೂತಾಗಲೇ ಹೊಳೆದದ್ದು: ದಸರಾ ತಾಲೀಮಿನ ಲೆಕ್ಕ ಇಲ್ಲಿಗೂ ಯಾಕೆ ಹಾಕಬಾರದು?

ಮೊದಲ ಪ್ರಯೋಗ 2019ರ ಸೆಪ್ಟೆಂಬರ್, ಕಾಠ್ಮಂಡುವಿನ ಇಂದ್ರ ಜಾತ್ರೆ. ಎಂಟು ದಿನದ ಹಬ್ಬ. ಮುಖ್ಯ ದಿನ ಅನಂತ ಚತುರ್ದಶಿ, ಅವತ್ತು ಜೀವಂತ ದೇವಿ ಅಂತ ಪೂಜಿಸುವ ಪುಟ್ಟ ಹುಡುಗಿ, ಕುಮಾರಿಯ ರಥ ಹೊರಡುತ್ತದೆ. ಅದಕ್ಕೆ ಎರಡು ದಿನ ಮುಂಚೆ, ದ್ವಾದಶಿಗೆ, ಹಳೇ ಅರಮನೆ ಹನುಮಾನ್ ಢೋಕಾದಲ್ಲಿ ಒಂದು ಕಂಬ ನಿಲ್ಲಿಸುತ್ತಾರೆ. ಹೆಸರು ಲಿಂಗೋ. ಕಂಬ ನಿಲ್ಲಿಸೋದು ನೋಡೋಕೆ ಒಬ್ಬ ಲೈನ್‌ಮನ್ ವಿಮಾನ ಹತ್ತಿ ಹೋದ ಅಂತ ನಮ್ಮ ಹಳೆ ಸೆಕ್ಷನ್ನಿನ ಹುಡುಗರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ನಗಲಿ ಬಿಡಿ. ಕಾಡಿನಿಂದ ಎಳೆದು ತಂದ ಇಡೀ ಮರ. ಕ್ರೇನ್ ಇಲ್ಲ, ಚೈನ್ ಪುಲ್ಲಿ ಇಲ್ಲ. ಹಗ್ಗ, ಆಸರೆ ಕೋಲು, ಜನ, ಇಷ್ಟೇ. ನಾವು ಒಂಬತ್ತು ಮೀಟರಿನ ಕಂಬ ಎತ್ತುವಾಗ ಗುಂಡಿ ಹತ್ತಿರ ನಿಂತವನು ಕೂಗೋದು ಒಂದು ಶ್ರುತಿ, ಹಗ್ಗದವರು ಓಗೊಡೋದು ಇನ್ನೊಂದು ಶ್ರುತಿ. ಅಲ್ಲೂ ಅದೇ. ಭಾಷೆ ಬರಲಿಲ್ಲ, ಆದರೆ ಯಾವ ಕೂಗಿಗೆ ಯಾವ ಹಗ್ಗ ಬಿಗಿಯುತ್ತೆ ಅಂತ ಐದು ನಿಮಿಷದಲ್ಲಿ ಗೊತ್ತಾಯಿತು. ಮಧ್ಯದಲ್ಲಿ ಕಂಬ ಒಂದು ಕಡೆ ವಾಲಿದಾಗ ನನ್ನ ಕೈ ತಾನೇ ಮೇಲೆದ್ದಿತ್ತು. ಪಕ್ಕದಲ್ಲಿದ್ದ ಅಜ್ಜ ನನ್ನ ಕೈ ನೋಡಿ ನಕ್ಕ. ಆ ಒಂದು ಗಳಿಗೆಗೆ ಕೊಟ್ಟ ದುಡ್ಡು ಸಲ್ಲಿತು.

ತಪ್ಪೂ ಅಲ್ಲೇ ಮಾಡಿದೆ. ನನ್ನ ಲೆಕ್ಕದ ಪ್ರಕಾರ ಚತುರ್ದಶಿ ಬೆಳಿಗ್ಗೆ ವಾಪಸ್ ಹೊರಟೆ. ಆದರೆ ಕುಮಾರಿಯ ರಥ ಒಂದೇ ದಿನ ಅಲ್ಲ, ಹಬ್ಬದಲ್ಲಿ ಮೂರು ದಿನ ಹೊರಡುತ್ತದೆ, ಒಂದೊಂದು ದಿನ ಒಂದೊಂದು ಕಡೆ. ಮುಖ್ಯ ದಿನ ಬಿಟ್ಟು ಉಳಿದ ದಿನಗಳಲ್ಲಿ ಆರಾಮಾಗಿ ನೋಡಬಹುದಿತ್ತು. ಮೊದಲೇ ವಿಚಾರಿಸಲಿಲ್ಲ. ಶ್ವೇತ ಭೈರವನ ದೊಡ್ಡ ಮುಖವಾಡ ವರ್ಷಕ್ಕೊಮ್ಮೆ ಈ ಹಬ್ಬಕ್ಕೆ ಮಾತ್ರ ತೆರೆಯುತ್ತಾರೆ. ಅದರ ಬಾಯಿಂದ ಅಕ್ಕಿ ಮದ್ಯ ಸುರಿಯುವಾಗ ಹುಡುಗರು ಮುಗಿಬೀಳುತ್ತಾರೆ. ಅದೂ ಕೈತಪ್ಪಿತು. ಖರ್ಚು 34 ಸಾವಿರ ಇರಬೇಕು, ಅದರಲ್ಲಿ ವಿಮಾನಕ್ಕೇ 19 ಹೋಯಿತು. ಆಗ ನಮ್ಮ ನೂರಕ್ಕಿಂತ ದೊಡ್ಡ ನೋಟು ಅಲ್ಲಿ ನಡೆಯುತ್ತಿರಲಿಲ್ಲ. ನೂರರ ಕಟ್ಟುಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಹೋಗಿದ್ದೆ, ಆಲೆಮನೆ ಬೆಲ್ಲ ಮಾರಿ ಬಂದ ಗೌಡರ ಹಾಗೆ. ಷಡ್ಡಕರು "ಏನ್ರೀ, ಕಂಬ ನೋಡಿ ದೇವರನ್ನ ಬಿಟ್ಟು ಬಂದ್ರಾ?" ಅಂದರು. ಉತ್ತರ ಇರಲಿಲ್ಲ.

ಆಮೇಲೆ ಕೊರೊನಾ. ನಾಲ್ಕು ವರ್ಷ ಎಲ್ಲೂ ಇಲ್ಲ.

2023ಕ್ಕೆ ಕ್ಯಾಂಡಿಯ ಎಸಳ ಪೆರಹರ ಅಂತ ತೀರ್ಮಾನಿಸಿದೆ. ಬುದ್ಧನ ದಂತಧಾತುವಿನ ಮೆರವಣಿಗೆ, ಹತ್ತು ರಾತ್ರಿ. ಮೊದಲ ಐದು ಕುಂಬಲ್ ಪೆರಹರ, ಚಿಕ್ಕದು. ಕೊನೆಯ ಐದು ರಂದೋಲಿ, ದೊಡ್ಡದು. ಕುಂಬಲ್ ಅಂದರೆ ಸಾಕ್ಷಾತ್ ನಮ್ಮ ತಾಲೀಮು ಅಂತ ಲೆಕ್ಕ ಹಾಕಿದೆ. ಟೂರ್ ಮಾಡಿಸುವ ಪರಿಚಯದವರೊಬ್ಬರು "ಕುಂಬಲ್‌ಗೆ ಯಾರೂ ಕರ್ಕೊಂಡು ಹೋಗಲ್ಲ ಸಾರ್, ನಾಲ್ಕು ಆನೆ ನೋಡೋಕೆ ಶ್ರೀಲಂಕಾ ಯಾಕೆ" ಅಂದರು. ಅವರ ಪ್ಯಾಕೇಜು ಇಬ್ಬರಿಗೆ ಒಂದು ಲಕ್ಷ ನಲವತ್ತು ಸಾವಿರ, ಕ್ಯಾಂಡಿಯಲ್ಲಿ ಎರಡೇ ರಾತ್ರಿ.

ಮೊದಲ ಏಟು ಬಿದ್ದದ್ದು ಪಂಚಾಂಗದಿಂದ. ಹುಣ್ಣಿಮೆ ಲೆಕ್ಕ ಇಟ್ಟು ಜುಲೈ ಕೊನೆಗೆ ಟಿಕೆಟ್ ಮಾಡಿಸಿಬಿಟ್ಟೆ. ಆ ವರ್ಷ ಅಧಿಕ ಶ್ರಾವಣ. ಹಬ್ಬ ಇದ್ದದ್ದು ಆಗಸ್ಟ್ ಕೊನೆಗೆ, ನಿಜ ಶ್ರಾವಣದ ಹುಣ್ಣಿಮೆಗೆ. ಗೋಡೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ನೇತಾಡುತ್ತಿದ್ದರೂ ನಾನು ಮೊಬೈಲ್ ನೋಡಿದ್ದೆ. ದಿನ ಬದಲಾಯಿಸಿದ್ದಕ್ಕೆ ಒಂಬತ್ತು ಸಾವಿರ ದಂಡ. ಎರಡನೇ ಏಟು ಮನೆಯವಳಿಂದ. ಕುಂಬಲ್‌ನ ಕೊನೆ ದಿನವೇ ಶುಕ್ರವಾರ, ವರಮಹಾಲಕ್ಷ್ಮಿ ವ್ರತ. "ನಿಮ್ಮ ಆನೆಗೋಸ್ಕರ ಲಕ್ಷ್ಮೀನ ಬಿಡಕ್ಕಾಗಲ್ಲ" ಅಂದಳು. ಕೊನೆಗೆ ಲಕ್ಷ್ಮಿ ಮುಖವಾಡ, ಒಂದು ಪುಟ್ಟ ತಂಬಿಗೆ, ಅರಿಶಿನ ಕುಂಕುಮ ಸೂಟ್‌ಕೇಸ್ ಸೇರಿದವು. ನನ್ನ ಎರಡು ಜೊತೆ ಪ್ಯಾಂಟ್ ಹೊರಗೆ ಬಂದವು.

ಕೊಲಂಬೊದಿಂದ ಕ್ಯಾಂಡಿಗೆ ರೈಲು. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಕೆರೆಯ ಮೇಲಿನ ಗುಡ್ಡದಲ್ಲಿ ಒಬ್ಬರ ಮನೆಯ ರೂಮು, ದಿನಕ್ಕೆ ಅವರ ದುಡ್ಡು 4,500. ಆಗ ನಮ್ಮ ಒಂದು ರೂಪಾಯಿಗೆ ಅವರದು ನಾಲ್ಕರ ಹತ್ತಿರ ಇತ್ತು, ಅಂದರೆ ಸಾವಿರದ ನೂರು ಚಿಲ್ಲರೆ. ರಂದೋಲಿ ಶುರುವಾದ ಮೇಲೆ ಅದೇ ರೂಮು ಮೂರು ಪಟ್ಟು ಅಂತ ಆ ಮನೆಯಮ್ಮನೇ ಹೇಳಿದರು.

ಐದು ರಾತ್ರಿಯೂ ಹೋದೆವು. ಮೊದಲು ಚಾವಟಿಯವರು ಬರುತ್ತಾರೆ. ಆ ಸದ್ದಿಗೆ ಮನೆಯವಳು ಮೊದಲ ರಾತ್ರಿ ನನ್ನ ತೋಳು ಹಿಡಿದುಕೊಂಡಳು. ಐದನೇ ರಾತ್ರಿ ಚಾವಟಿ ಬೀಸಿದವನಿಗೆ ಕೈ ಬೀಸಿದಳು. ಹಿಂದೆ ಪಂಜು, ಕಬ್ಬಿಣದ ಬುಟ್ಟಿಯಲ್ಲಿ ಒಣ ಕೊಬ್ಬರಿ ಉರಿಸುತ್ತಾರೆ. ಬೀದಿಯೆಲ್ಲ ಒಗ್ಗರಣೆ ವಾಸನೆ. ದಂತಧಾತುವಿನ ಕರಂಡಕ, ಅಂದರೆ ಪೆಟ್ಟಿಗೆ, ಹೊರುವ ಆನೆಗೆ ಬಿಳಿ ಬಟ್ಟೆ ಹಾಸುತ್ತಾರೆ, ನಮ್ಮೂರ ಹಬ್ಬದಲ್ಲಿ ನಡೆಮುಡಿ ಹಾಸೋ ಹಾಗೆ. ನನ್ನ ಕಣ್ಣು ಮಾತ್ರ ಆನೆಯ ಉಡುಪಿನ ಬಲ್ಬುಗಳ ಮೇಲೆ. ವೈರ್ ಎಲ್ಲಿಂದ ಎಲ್ಲಿಗೆ, ಬ್ಯಾಟರಿ ಎಲ್ಲಿ? ಎರಡನೇ ರಾತ್ರಿ ಒಂದು ಆನೆಯ ಎಡ ಕಿವಿ ಕಡೆಯ ಸಾಲು ಆರಿಹೋಗಿತ್ತು. ಮೂರನೇ ದಿನ ಮಧ್ಯಾಹ್ನ ದೇವಾಲೆ ಆವರಣದಲ್ಲಿ ಅದನ್ನು ರಿಪೇರಿ ಮಾಡುತ್ತಿದ್ದ ಹುಡುಗ ಸಿಕ್ಕ. ನನ್ನ ಜೇಬಲ್ಲಿ ಟೆಸ್ಟರ್ ಇಲ್ಲದೆ ಮನೆಯಿಂದ ಹೊರಡುವ ಅಭ್ಯಾಸವೇ ಇಲ್ಲ. ಅರ್ಧ ಗಂಟೆ ಅವನ ಜೊತೆ ಕೂತೆ. ಬೆಸುಗೆ ಬಿಟ್ಟಿತ್ತು, ಅಷ್ಟೇ. ಆ ರಾತ್ರಿ ಕಿವಿ ಹೊತ್ತಿತು. ಬೆರಳು ತೋರಿಸಿ "ನಂದು, ನಂದು" ಅಂತ ಕೂಗಿದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಹಗಲು ಆನೆಗಳ ಹತ್ತಿರವೇ ಹೊತ್ತು ಹೋಗುತ್ತಿತ್ತು. ನಮ್ಮಲ್ಲಿ ಭತ್ತದ ಹುಲ್ಲಿನ ಕುಸುರೆ, ಬೆಲ್ಲ, ಕಾಯಿ. ಅಲ್ಲಿ ಬೈನೆ ಮರದ ತುಂಡು, ಹಲಸಿನ ಸೊಪ್ಪು. ಒಬ್ಬ ಮಾವುತನಿಗೆ ಅರ್ಜುನನ ಫೋಟೊ ತೋರಿಸಿದೆ. ಅವನು ಮೊಬೈಲಿನಲ್ಲಿ ಹಿಂದಿನ ವರ್ಷ ಸತ್ತ ನದುಂಗಮುವ ರಾಜನ ಫೋಟೊ ತೋರಿಸಿದ. ನೆಲ ಮುಟ್ಟುವ ದಂತ. ಅದೇ ಡಿಸೆಂಬರಿಗೆ ಅರ್ಜುನನೂ ಹೋದ. ಸುದ್ದಿ ಕೇಳಿದಾಗ ಆ ಮಾವುತನೇ ನೆನಪಾದ.

ಶುಕ್ರವಾರ ಬೆಳಿಗ್ಗೆ ರೂಮಿನಲ್ಲೇ ಲಕ್ಷ್ಮಿ ಕೂತಳು. ಮನೆಯಮ್ಮ ಬುಟ್ಟಿ ತುಂಬ ದೇವಕಣಗಿಲೆ ಹೂವು ತಂದುಕೊಟ್ಟರು, ತಾಂಬೂಲ ತಗೊಂಡರು.

ಬಂಡೆ ಮೇಲಿನ ಕೋಟೆ ಸಿಗಿರಿಯಕ್ಕೂ ಒಂದು ದಿನ ಹೋಗಿಬಂದೆವು. ಮಂಡಿ ನೋವಿನವರು ಯೋಚಿಸಿ, ಮೆಟ್ಟಿಲು 1,200 ಇವೆ. ಟಿಕೆಟ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿದ್ದಕ್ಕೆ ಸಾರ್ಕ್ ದೇಶದವರು ಅಂತ ಅರ್ಧ ದರ ಹಾಕಿದರು.

ಎಲ್ಲಿ ನಿಂತು ನೋಡಿದಿರಿ ಅಂತ ತುಂಬಾ ಜನ ಕೇಳುತ್ತಾರೆ. ಅದೊಂದು ಹೇಳಲ್ಲ. ಒಂದು ತಿರುವು, ಅಲ್ಲಿ ಆನೆಗಳು ನಿಧಾನ ಮಾಡಲೇಬೇಕು. ಮೈಸೂರಿನವರಾದರೆ ನೀವೇ ಕಂಡುಹಿಡಿಯುತ್ತೀರಿ. ಆ ರೂಮು ಹೇಗೆ ಸಿಕ್ಕಿತು ಅನ್ನೋದನ್ನೂ ಇಟ್ಟುಕೊಳ್ಳುತ್ತೇನೆ, ಇನ್ನೊಂದು ಸಲ ಹೋಗಬೇಕು. ಒಟ್ಟು ಖರ್ಚು ಇಬ್ಬರಿಗೆ, ದಂಡವೂ ಸೇರಿ, 80–82 ಸಾವಿರ. ರಂದೋಲಿಯ ಮೊದಲ ದಿನ ಬೆಳಿಗ್ಗೆ ಸ್ಟೇಷನ್ನಿಗೆ ಹೊರಟಾಗ ರಸ್ತೆಬದಿ ಕುರ್ಚಿ ಜೋಡಿಸುತ್ತಿದ್ದರು. ಒಂದಕ್ಕೆ 60 ಡಾಲರ್ ಅಂದ ಒಬ್ಬ. ಮನೆಯವಳೇ "ಬೇಡಪ್ಪಾ, ನೋಡಾಯ್ತು" ಅಂದಳು.

2025ರ ಮಾರ್ಚಿಗೆ ಬಾಲಿಗೂ ಇದೇ ಲೆಕ್ಕ ಹಾಕಿದೆ. ಅಲ್ಲಿಯ ಶಕ ವರ್ಷದ ಮೊದಲ ದಿನ ನ್ಯೆಪಿ. ಹಿಂದಿನ ಸಂಜೆ ಓಗೋ ಓಗೋ ಅನ್ನುವ ದೈತ್ಯ ಬೊಂಬೆಗಳ ಮೆರವಣಿಗೆ. ನಾನು ಹತ್ತು ದಿನ ಮುಂಚೆ ಹೋಗಿ, ಕೇರಿಯ ಹುಡುಗರು ಬಿದಿರು ಕಟ್ಟಿ ಬೊಂಬೆ ಮಾಡೋದನ್ನು ನೋಡುತ್ತಾ ಕೂತೆ. ಅದು ಚೆನ್ನಾಗಿತ್ತು. ಆದರೆ ನನ್ನ ಓಡಿಬರುವ ಉಪಾಯ ಮಾತ್ರ ಅಲ್ಲಿ ನಡೆಯಲಿಲ್ಲ. ನ್ಯೆಪಿ ದಿನ ಇಡೀ ದ್ವೀಪಕ್ಕೇ ಬೀಗ. ವಿಮಾನವಿಲ್ಲ, ದೀಪವಿಲ್ಲ, ರಸ್ತೆಗೆ ಕಾಲಿಡುವ ಹಾಗಿಲ್ಲ. ಕಾವಲಿನವರು ತಿರುಗುತ್ತಿರುತ್ತಾರೆ. ಆಯಸ್ಸೆಲ್ಲ ಬೀದಿ ದೀಪ ಹೊತ್ತಿಸಿದವನು ಒಂದು ರಾತ್ರಿ ಪೂರ್ತಿ ಕತ್ತಲಲ್ಲಿ ಹುರಿಹಿಟ್ಟು ಕಲಸಿ ತಿಂದೆ. ನಕ್ಷತ್ರ ಅಷ್ಟೊಂದಿವೆ ಅಂತ ಗೊತ್ತಿರಲಿಲ್ಲ. ಮಾರನೇ ದಿನ ಇಲ್ಲಿ ಯುಗಾದಿ, ಅದು ಕೈತಪ್ಪಿತು. ಮನೆ ಸೇರಿದ್ದು ಹೊಸತೊಡಕಿಗೆ. ಬೈಗುಳವೂ ಬಾಡೂಟವೂ ಒಟ್ಟಿಗೇ ಬಡಿಸಿದರು.

ಮುಂದಿನದು ನೇಪಾಳದ ಪಾಟನ್‌ನ ರಾತೋ ಮಚ್ಛೀಂದ್ರನಾಥನ ತೇರು. ಅರವತ್ತು ಅಡಿ ಎತ್ತರ, ಮರ ಮತ್ತು ಬೆತ್ತ ಬಿಗಿದು ಪುಲ್ಚೋಕ್‌ನಲ್ಲಿ ಕಟ್ಟುತ್ತಾರೆ. ನನಗೆ ಎಳೆಯೋದು ಬೇಡ, ಕಟ್ಟೋದು ನೋಡಬೇಕು. ಈ ಸಲ ಷಡ್ಡಕರೂ ಬರ್ತೀನಿ ಅಂದು ಇಪ್ಪತ್ತು ಸಾವಿರ ಮುಂಗಡ ಕೊಟ್ಟಿದ್ದಾರೆ. ಆದರೆ ಎಳೆಯೋದು ನೋಡಲೇಬೇಕಂತೆ. ಅವರ ವಾಪಸ್ ಟಿಕೆಟ್ ಬೇರೆ ಮಾಡಿಸಿ ಅಂದಿದ್ದೇನೆ.