ಸುಳ್ಳು ಸಾಲು ಹಿಡಿಯುವ ಆಟ: ನನ್ನ ಅನುಭವ

ಮಕ್ಕಳು ಪಾಠವನ್ನು ಗಡಗಡ ಓದಿ ಮುಗಿಸುತ್ತಾರೆ. "ಏನಾಯ್ತು ಹೇಳು" ಅಂದರೆ ಮೊದಲ ಸಾಲನ್ನೇ ಮತ್ತೆ ಒಪ್ಪಿಸುತ್ತಾರೆ. ಎರಡನೇ, ಮೂರನೇ ತರಗತಿಗೆ ಕಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ 14 ಮಕ್ಕಳಲ್ಲಿ ಒಂಬತ್ತೋ ಹತ್ತೋ ಹೀಗೇ ಇದ್ದರು. ಕಾಗುಣಿತ ಸರಿ, ಒತ್ತಕ್ಷರ ಸರಿ, ಅರ್ಥ ಮಾತ್ರ ಸೊನ್ನೆ.

ಮೊದಲು ದುಡ್ಡು ಕಳೆದದ್ದನ್ನು ಹೇಳಿಬಿಡುತ್ತೇನೆ. ಬಣ್ಣದ ಚಿತ್ರಪುಸ್ತಕಗಳಿಗೆ ತಿಂಗಳ ಸಂಬಳದ ಹೆಚ್ಚುಕಡಿಮೆ ಕಾಲುಭಾಗ ಸುರಿದೆ. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಬಂತು, ನಾನೂ ಹಿಗ್ಗಿದೆ. ಅದೇ ಸರಣಿಯ ಇನ್ನೊಂದು ಕಥೆಯನ್ನು ಚಿತ್ರವಿಲ್ಲದೆ ಹಾಳೆಗೆ ಇಳಿಸಿ ಕೊಟ್ಟ ದಿನ ಎಲ್ಲರೂ ಮೌನ. ಅಷ್ಟು ದಿನ ಓದಿದ್ದು ಚಿತ್ರವನ್ನು.

ಆಮೇಲೆ ಪ್ರಶ್ನೆ ಕಾರ್ಡು. ಸುಮಾರು 120 ಕಾರ್ಡು, ಎಲ್ಲಕ್ಕೂ ಲ್ಯಾಮಿನೇಷನ್. ಯಾರು, ಎಲ್ಲಿ, ಏನು. ಮಕ್ಕಳು ಇದಕ್ಕೂ ಉಪಾಯ ಕಂಡುಕೊಂಡರು: ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕು, ಅದರ ಪಕ್ಕದ್ದನ್ನು ಓದು. ಅನುಮಾನ ಬಂದು ಒಂದು ದಿನ ಕಪ್ಪುಹಲಗೆಯ ಮೇಲೆ ಬರೆದೆ: "ಗಿಮ್ಮನು ಡೊರಳೆಯನ್ನು ಬಿಸಗಿದನು. ಗಿಮ್ಮನು ಏನನ್ನು ಬಿಸಗಿದನು?" ತರಗತಿಗೆ ತರಗತಿಯೇ ಕೈ ಎತ್ತಿತು, "ಡೊರಳೆಯನ್ನು!" ಡೊರಳೆ ಅಂದರೆ ಏನು ಅಂತ ಒಬ್ಬರೂ ಕೇಳಲಿಲ್ಲ. ಅವತ್ತೇ ಕಾರ್ಡುಗಳನ್ನು ಕಪಾಟಿಗೆ ಸೇರಿಸಿದೆ.

ಸುಳ್ಳು ಸಾಲು ಶುರುವಾದದ್ದು ಆ ಸಿಟ್ಟಿನಲ್ಲೇ. ನಾಲ್ಕೈದು ಸಾಲಿನ ಕಥೆ, ನಡುವೆ ಹೊಂದದ ಒಂದು ಸಾಲು. ಮೊದಲನೆಯದು ಹೀಗಿತ್ತು: "ಸೀನ ಕೊಡೆಯನ್ನು ಮನೆಯಲ್ಲೇ ಮರೆತ. ದಾರಿಯಲ್ಲಿ ಜೋರು ಮಳೆ ಬಂತು. ಕೊಡೆ ಬಿಚ್ಚಿಕೊಂಡು ನಿಧಾನ ನಡೆದ. ಶಾಲೆ ಮುಟ್ಟುವಾಗ ಪುಸ್ತಕವೆಲ್ಲ ಒದ್ದೆ." ಮೂರು ಸಲ ಓದಿಸಿದೆ. "ಎಲ್ಲ ಸರಿ ಇದೆಯಾ?" "ಸರಿ ಇದೆ ಮೇಡಂ." ನಾಲ್ಕನೆಯದೋ ಐದನೆಯದೋ ದಿನ ಅದೇ ಹಾಳೆ ಮತ್ತೆ ಕೊಟ್ಟಾಗ, ಪದಪದಕ್ಕೂ ಬೆರಳಿಟ್ಟು ಓದುವ, ಎಲ್ಲರಿಗಿಂತ ನಿಧಾನದ ಹುಡುಗಿ ತಲೆ ಎತ್ತಿದಳು: "ಕೊಡೆ ಎಲ್ಲಿಂದ ಬಂತು?" ವೇಗವಾಗಿ ಓದುವವರೆಲ್ಲ ಅವಳ ಹಾಳೆಗೆ ಇಣುಕಿದರು.

ಸಹೋದ್ಯೋಗಿಗಳು ನಕ್ಕರು. ಮಕ್ಕಳಿಗೆ ತಪ್ಪು ಓದಿಸುವುದು ಯಾವ ಸೀಮೆಯ ಪಾಠ ಅಂದರು. ಪೋಷಕರೊಬ್ಬರು ಹಾಳೆಯಲ್ಲಿ ತಪ್ಪಿದೆ ಅಂತ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದರು. ಮನೆಯಲ್ಲಿ ಒಬ್ಬರಾದರೂ ಅರ್ಥ ಮಾಡಿಕೊಂಡು ಓದುತ್ತಾರಲ್ಲ ಅಂತ ಸಂತೋಷಪಟ್ಟೆ. ಪ್ರಾಥಮಿಕ ಶಾಲೆಯ ದೊಡ್ಡ ಮಕ್ಕಳೂ ಇಂಥ ಎದ್ದುಕಾಣುವ ವಿರೋಧವನ್ನು ಗಮನಿಸದೆ ದಾಟುತ್ತಾರೆ ಅಂತ ಮನೋವಿಜ್ಞಾನಿ ಎಲೆನ್ ಮಾರ್ಕ್‌ಮನ್ 1979ರಲ್ಲೇ ತೋರಿಸಿದ್ದರು ಅನ್ನುವುದು ನನಗೆ ಗೊತ್ತಾದದ್ದು ಆಮೇಲೆ. ಮೊದಲೇ ಗೊತ್ತಿದ್ದರೆ ಸ್ಟಾಫ್‌ರೂಮಿನಲ್ಲಿ ಅಷ್ಟು ಬಾಯಿ ಮುಚ್ಚಿಕೊಂಡು ಕೂರುತ್ತಿರಲಿಲ್ಲ.

ದೊಡ್ಡ ಎಡವಟ್ಟು ಆದದ್ದು ಸ್ಟಾರ್ ಕೊಟ್ಟದ್ದರಿಂದ. ಹಿಡಿದವರಿಗೆ ಒಂದು ಸ್ಟಾರ್ ಅಂದೆ. ಮೂರೇ ದಿನದಲ್ಲಿ ಕಂಡ ಸಾಲೆಲ್ಲ ತಪ್ಪಾಯಿತು. "ನರಿ ಮಾತಾಡಲ್ಲ, ತಪ್ಪು!" ಸ್ಟಾರ್ ನಿಲ್ಲಿಸಿ ಎರಡು ಬೆರಳಿನ ನಿಯಮ ತಂದೆ: ತಪ್ಪು ಅನ್ನುವವರು ಒಂದು ಬೆರಳನ್ನು ಆ ಸಾಲಿನ ಮೇಲೆ, ಇನ್ನೊಂದನ್ನು ಅದಕ್ಕೆ ವಿರುದ್ಧವಾದ ಸಾಲಿನ ಮೇಲೆ ಇಡಬೇಕು. ಎರಡನೇ ಬೆರಳಿಗೆ ಜಾಗ ಸಿಗದಿದ್ದರೆ ತಪ್ಪಿಲ್ಲ. ನನ್ನ ಮಟ್ಟಿಗೆ ಇಡೀ ಪದ್ಧತಿ ಇರುವುದು ಆ ಎರಡನೇ ಬೆರಳಿನಲ್ಲಿ. ಮೂರರಲ್ಲಿ ಒಂದು ಹಾಳೆ ತಪ್ಪೇ ಇಲ್ಲದ್ದು ಇರಲಿ, ಇಲ್ಲದಿದ್ದರೆ ಊಹೆ ಶುರುವಾಗುತ್ತದೆ. ಸುಳ್ಳು ಸಾಲನ್ನು ಎಷ್ಟನೇ ಸಾಲಿಗೆ ಇಡುತ್ತೇನೆ, ವಾರದಿಂದ ವಾರಕ್ಕೆ ಹೇಗೆ ಜರುಗಿಸುತ್ತೇನೆ ಅನ್ನುವುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ. ಅದಕ್ಕೆ ಒಂದು ವರ್ಷ ತಲೆ ಕೆಡಿಸಿಕೊಂಡಿದ್ದೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಫೋನಿನಲ್ಲಿ ಅವರ ಓದನ್ನು ರೆಕಾರ್ಡ್ ಮಾಡಿ ಕೇಳಿಸಿದೆ. ತಮ್ಮ ದನಿ ಕೇಳಿ ನಕ್ಕದ್ದು ಬಿಟ್ಟರೆ ಏನೂ ಆಗಲಿಲ್ಲ. ಇನ್ನೊಂದು ಫಲ ಕೊಟ್ಟಿತು. "ನಾಯಿಯನ್ನು ಬೆಕ್ಕು ಅಟ್ಟಿಸಿಕೊಂಡು ಹೋಯಿತು" ಅಂತ ಬರೆದು ಚಿತ್ರ ಬಿಡಿಸಿ ಅಂದೆ. ಮುಕ್ಕಾಲು ಪಾಲು ಮಕ್ಕಳ ಚಿತ್ರದಲ್ಲಿ ಬೆಕ್ಕು ಮುಂದೆ, ನಾಯಿ ಹಿಂದೆ. 'ಅನ್ನು' ನುಂಗಿಹೋಗಿತ್ತು. ಕರ್ತೃಪದ ಬಿಟ್ಟ ವಾಕ್ಯ ಇನ್ನೂ ಕಷ್ಟ: "ರವಿ ತಮ್ಮನನ್ನು ಕರೆದ. ಬರಲಿಲ್ಲ. ಸಿಟ್ಟು ಬಂತು." ಬರದವನು ಯಾರು, ಸಿಟ್ಟು ಬಂದದ್ದು ಯಾರಿಗೆ? ಕನ್ನಡದಲ್ಲಿ ನಾವು ಹೆಸರು ಬಿಟ್ಟು ಮಾತಾಡುವುದೇ ಹೆಚ್ಚು. ಕೇಳುವಾಗ ಮಗುವಿಗೆ ತೊಂದರೆ ಇಲ್ಲ, ಓದುವಾಗ ಕಳೆದುಹೋಗುತ್ತದೆ. ಪ್ರತಿ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಹೆಸರು ತುಂಬಿಸುತ್ತ ಎರಡು ವಾರ ಕಳೆದೆ. ಸಮಯ ದಂಡವಾಗಲಿಲ್ಲ.

ಹತ್ತು ವಾರದ ಹೊತ್ತಿಗೆ, ಹೊಸ ಕಥೆ ಓದಿ ತಮ್ಮ ಮಾತಿನಲ್ಲಿ ಹೇಳುವವರು ನಾಲ್ಕೈದರಿಂದ 11ಕ್ಕೆ ಬಂದರು, ನೆನಪಿನಿಂದ ಹೇಳುತ್ತಿದ್ದೇನೆ. ಒಬ್ಬನಿಗೆ ಒತ್ತಕ್ಷರವೇ ಕೂತಿರಲಿಲ್ಲ, ಅವನ ಕೈಗೆ ಈ ಹಾಳೆ ಕೊಟ್ಟದ್ದು ನನ್ನದೇ ತಪ್ಪು. ಇನ್ನಿಬ್ಬರು ತಪ್ಪು ಹಿಡಿಯುತ್ತಾರೆ, ಕಥೆ ಹೇಳು ಅಂದರೆ ಈಗಲೂ ಮೊದಲ ಸಾಲೇ. ನಕ್ಕವರಲ್ಲಿ ಒಬ್ಬರು ಮೊನ್ನೆ ಸದ್ದಿಲ್ಲದೆ ಬಂದು ಹಾಳೆಗಳನ್ನು ಕೇಳಿ ಒಯ್ದರು.

ಅಂದ ಹಾಗೆ, ಆ 120 ಕಾರ್ಡುಗಳ ಹಿಂಬದಿ ಖಾಲಿ ಇತ್ತು. ಲ್ಯಾಮಿನೇಷನ್ ಆದ್ದರಿಂದ ಮಾರ್ಕರಿನಲ್ಲಿ ಬರೆದು ಒರೆಸಬಹುದು. ಈಗ ಸುಳ್ಳು ಸಾಲೆಲ್ಲ ಅದರ ಮೇಲೆಯೇ.