ಐಎನ್‌ಆರ್ ಪಟ್ಟಿ ಹಿಡಿದು ಅಕ್ಯೂಟ್ ಲಿವರ್ ಫೇಲ್ಯೂರ್ ಎಣಿಸಿದೆ: ನನ್ನ ಅನುಭವ

ಮೂರು ವರ್ಷದ ಕೆಲಸ ಹೋದ ತಿಂಗಳು ಒಂದು ದಡ ಸೇರಿತು. ಅಕ್ಯೂಟ್ ಲಿವರ್ ಫೇಲ್ಯೂರ್, ಅಂದರೆ ಚೆನ್ನಾಗಿದ್ದ ಲಿವರ್ ದಿಢೀರನೆ ಕೈಕೊಡುವ ಕಾಯಿಲೆ, ಎಣಿಸಬೇಕಾದರೆ ಆಸ್ಪತ್ರೆ ದಾಖಲೆಯ ರೋಗದ ಕೋಡಿನಿಂದ ಶುರು ಮಾಡಬೇಡಿ, ಲ್ಯಾಬಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ಹೇಳುವ ಅಂಕಿ) ಪಟ್ಟಿಯಿಂದ ಶುರು ಮಾಡಿ ಅಂತ ನಾನು ಎರಡನೇ ವರ್ಷದಿಂದಲೂ ಹೇಳುತ್ತಿದ್ದೆ. ನಮ್ಮ ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. "ಐಎನ್‌ಆರ್ 1.5 ದಾಟಿದವರು ವಾರ್ಡ್ ತುಂಬ ಇದ್ದಾರೆ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ತಗೊಳ್ಳೋರು, ಸೆಪ್ಸಿಸ್ (ಮೈಯನ್ನೆಲ್ಲ ಕೆಡಿಸುವ ಸೋಂಕು) ಆದೋರು, ಹಳೇ ಸಿರೋಸಿಸ್‌ನೋರು (ಲಿವರ್ ಗಟ್ಟಿಗಂಟಾದವರು). ಎಲ್ಲರ ಕೇಸ್ ಶೀಟೂ ಓದ್ತಾ ಕೂತ್ರೆ ನಿಮ್ಮ ಸರ್ವಿಸ್ಸೇ ಮುಗಿದುಹೋಗುತ್ತೆ" ಅಂದರು ಹಿರಿಯರೊಬ್ಬರು. ಈಗ ಪಟ್ಟಿ ಪೂರ್ತಿ ಕೈಯಲ್ಲಿದೆ. ಅವರೇ ಬಂದು ಒಂದು ಪ್ರತಿ ಕೇಳಿದರು. ಕೊಟ್ಟೆ, ಸಂತೋಷದಿಂದಲೇ ಕೊಟ್ಟೆ.

ಕಾಯಿಲೆಯ ವ್ಯಾಖ್ಯೆ ಹೀಗಿದೆ. ಐಎನ್‌ಆರ್ 1.5 ಅಥವಾ ಮೇಲೆ, ಯಾವುದೇ ಹಂತದ ಎನ್‌ಸೆಫಲೋಪತಿ (ಲಿವರ್ ಕೆಟ್ಟು ಬರುವ ಗೊಂದಲ, ಮಂಪರು, ಕೋಮಾ), ಮೊದಲಿನ ಸಿರೋಸಿಸ್ ಇಲ್ಲ, ಕಾಯಿಲೆ ಶುರುವಾಗಿ 26 ವಾರದೊಳಗೆ. ವಿಲ್ಸನ್ (ಮೈಯಲ್ಲಿ ತಾಮ್ರ ಸೇರಿಕೊಳ್ಳುವ ಕಾಯಿಲೆ), ಆಟೋಇಮ್ಯೂನ್ (ದೇಹದ ರಕ್ಷಣೆಯೇ ಲಿವರ್ ಮೇಲೆ ಬೀಳುವುದು), ಹೆಪಟೈಟಿಸ್ ಬಿ ಮರುಕಳಿಕೆಗೆ ಸಿರೋಸಿಸ್ ವಿಷಯದಲ್ಲಿ ರಿಯಾಯಿತಿ, ಅದು ಇದ್ದರೂ ಸೇರಿಸಬಹುದು. ನಾನು ಇದನ್ನೇ ಹಿಡಿದೆ. ಹೈಪರ್‌ಅಕ್ಯೂಟ್ (ತೀರ ವೇಗದ್ದು), ಅಕ್ಯೂಟ್, ಸಬ್‌ಅಕ್ಯೂಟ್ (ನಿಧಾನದ್ದು) ಅಂತ ವಿಂಗಡಿಸಲು ಕಾಮಾಲೆ ಕಂಡ ದಿನದಿಂದ ಮಂಪರು ಬಂದ ದಿನದವರೆಗಿನ ಲೆಕ್ಕ ಬೇರೆ ಬರೆದಿಟ್ಟೆ.

ಕೋಡಿನ ಮೇಲೆ ನನಗೆ ಯಾಕೆ ನಂಬಿಕೆ ಹೋಯಿತು ಅಂತ ಹೇಳುತ್ತೇನೆ. ಮೊದಲ ವರ್ಷ ನಾನೂ ಅದೇ ದಾರಿ ಹಿಡಿದಿದ್ದೆ. ರೆಕಾರ್ಡ್ಸ್ ವಿಭಾಗದಿಂದ ಐಸಿಡಿ-10 ಅನ್ನುವ ರೋಗಗಳ ಅಂತರರಾಷ್ಟ್ರೀಯ ಕೋಡು ಪಟ್ಟಿಯಲ್ಲಿ ಅಕ್ಯೂಟ್ ಲಿವರ್ ಫೇಲ್ಯೂರಿಗೆ ಇರುವ ಕೆ72.0 ಬರೆದಿದ್ದ ಶೀಟುಗಳನ್ನೆಲ್ಲ ತರಿಸಿದೆ. ಸುಮಾರು 310 ಬಂದವು. ಓದಿ ಮುಗಿಸಿದಾಗ ನಿಜವಾದ ಕೇಸು 44. ಮಿಕ್ಕವು ಬಹುಪಾಲು ಹಳೆಯ ಸಿರೋಸಿಸ್ ದಿಢೀರನೆ ಕೆಟ್ಟದ್ದು, ಇಲ್ಲವೇ ಸೆಪ್ಸಿಸ್‌ನಲ್ಲಿ ಎಲ್ಲ ಅಂಗಗಳ ಜೊತೆ ಲಿವರೂ ಕೈಕೊಟ್ಟದ್ದು. ಇನ್ನೊಂದು ಕಡೆ ನಿಜವಾದ ಕೇಸುಗಳು ಬೇರೆ ಕೋಡುಗಳಲ್ಲಿ ಚದುರಿ ಕೂತಿದ್ದವು. ಹೆಪಟೈಟಿಸ್ ಎ ಕೋಮಾದ ಜೊತೆ ಬಂದರೆ ಬಿ15.0. ಹೆಪಟೈಟಿಸ್ ಇ ಆದರೆ ಬಿ17.2. ಔಷಧಿಯಿಂದ ಆದರೆ ಕೆ71.1. ಪ್ಯಾರಾಸಿಟಮಾಲ್ ಟಿ39.1. ಇಲಿ ಪಾಷಾಣ ಟಿ60.4. ಗರ್ಭಿಣಿ ಆದರೆ ಓ26.6. ದಕ್ಷಿಣ ಭಾರತದಲ್ಲಿ ಹಳದಿ ರಂಜಕ ಇರುವ ಇಲಿ ಪೇಸ್ಟ್ ಎಷ್ಟು ಲಿವರ್ ತಿಂದಿದೆ ಅಂತ ನಮಗೆಲ್ಲ ಗೊತ್ತು, ಆದರೆ ಆ ಕೇಸು ವಿಷದ ಲೆಕ್ಕಕ್ಕೆ ಹೋಗಿಬಿಡುತ್ತದೆ. ಲಿವರ್ ಲೆಕ್ಕಕ್ಕೆ ಬರುವುದೇ ಇಲ್ಲ.

ಬೇರೆ ದೇಶಗಳ ಅಂಕಿ ನೋಡಿದಾಗಲೂ ಇದೇ ಅನುಮಾನ ಬಂತು. ಅಮೆರಿಕದ ಅಟ್ಲಾಂಟಾದಲ್ಲಿ ಆಸ್ಪತ್ರೆ ಆಸ್ಪತ್ರೆಗೆ ಹೋಗಿ ಹುಡುಕಿ ಎಣಿಸಿದಾಗ ವರ್ಷಕ್ಕೆ 10 ಲಕ್ಷ ಜನಕ್ಕೆ 5.5 ಸಿಕ್ಕಿತು. ಜರ್ಮನಿಯಲ್ಲಿ ವಿಮೆ ದಾಖಲೆಗಳಿಂದ ಲೆಕ್ಕ ಹಾಕಿದಾಗ 11ರ ಆಸುಪಾಸು. ಥಾಯ್ಲೆಂಡಿನಲ್ಲಿ ಕೋಡು ಹಿಡಿದು ಎಣಿಸಿದಾಗ 60 ದಾಟಿತು. ಜನ ಬೇರೆ, ವೈರಸ್ ಬೇರೆ, ಅದು ಸರಿ. ಆದರೆ ಹತ್ತು ಪಟ್ಟು ವ್ಯತ್ಯಾಸದಲ್ಲಿ ಎಣಿಸಿದ ರೀತಿಯ ಪಾಲು ಎಷ್ಟು? ನನ್ನ 310ರಲ್ಲಿ 44 ನೋಡಿದ ಮೇಲೆ ಆ ಪಾಲು ಸಣ್ಣದು ಅಂತ ನನಗೆ ಅನ್ನಿಸಲೇ ಇಲ್ಲ.

ಹಾಗಾಗಿ ಎರಡನೇ ವರ್ಷ ಲ್ಯಾಬಿಗೆ ಹೋದೆ. ಐಎನ್‌ಆರ್ 1.5 ದಾಟಿದವರು ಮೂರು ವರ್ಷಕ್ಕೆ ಸೇರಿ ಸುಮಾರು 9,000 ಜನ. ಇಲ್ಲಿ ನಾನು ಮಾಡಿದ ಮೊದಲ ತಪ್ಪು, ಪಟ್ಟಿ ಸಣ್ಣದಾಗಲಿ ಅಂತ ಎಎಲ್‌ಟಿ (ಲಿವರ್ ಕೋಶ ಒಡೆದಾಗ ರಕ್ತಕ್ಕೆ ಸೇರುವ ಎನ್‌ಜೈಮ್) 1,000 ಮೇಲಿರಬೇಕು ಅಂತ ಜರಡಿ ಹಾಕಿದ್ದು. ಪಟ್ಟಿ ಚೊಕ್ಕವಾಗಿ ಕಾಣಿಸಿತು. ಆದರೆ ಒಬ್ಬ ವಿಲ್ಸನ್ ರೋಗಿಯೂ ಇಲ್ಲ! ಆ ವರ್ಷ ಇಬ್ಬರು ಹುಡುಗಿಯರನ್ನು ನಾನೇ ನೋಡಿದ್ದೆ. ವಿಲ್ಸನ್‌ನಲ್ಲಿ ಎಎಲ್‌ಟಿ ಅಷ್ಟು ಏರುವುದಿಲ್ಲ, ಗೊತ್ತಿದ್ದೂ ಮರೆತೆ. ಸಬ್‌ಅಕ್ಯೂಟ್ ಕೇಸುಗಳೂ ಹಾಗೇ. ನಮ್ಮ ಹತ್ತಿರ ಬರುವ ಹೊತ್ತಿಗೆ ಎಎಲ್‌ಟಿ ಇಳಿದಿರುತ್ತದೆ, ಲಿವರ್ ಕುಗ್ಗಿರುತ್ತದೆ.

ಎರಡನೇ ತಪ್ಪು ಇನ್ನೂ ದೊಡ್ಡದು. ಎಎಲ್‌ಟಿ ಬಿಟ್ಟು ಬಿಲಿರುಬಿನ್ (ಕಾಮಾಲೆಗೆ ಹಳದಿ ಬಣ್ಣ ಕೊಡುವ ವಸ್ತು) ಜರಡಿ ಹಾಕಿದೆ. ಕಾಮಾಲೆ ಇಲ್ಲದೆ ಲಿವರ್ ಫೇಲ್ ಹೇಗೆ ಆಗುತ್ತೆ ಅನ್ನುವ ಲೆಕ್ಕ. ಒಂದು ದಿನ ಹೆರಿಗೆ ವಿಭಾಗದ ಸಹೋದ್ಯೋಗಿ ಒಂದು ಹಳೆಯ ಶೀಟು ತಂದು ಮೇಜಿನ ಮೇಲಿಟ್ಟರು. 28 ವಾರದ ಗರ್ಭಿಣಿ. ಜ್ವರ. ಎಎಲ್‌ಟಿ ಸಾವಿರಗಟ್ಟಲೆ, ಐಎನ್‌ಆರ್ 3ರ ಹತ್ತಿರ, ಬಿಲಿರುಬಿನ್ ಬರೀ 1.4. ಕಣ್ಣು ಹಳದಿ ಇಲ್ಲ. ನಾಲ್ಕನೇ ದಿನ ತೀರಿಕೊಂಡಿದ್ದರು. ಉಳಿದಿದ್ದ ಸೀರಮ್ಮಿನಲ್ಲಿ (ರಕ್ತದ ತಿಳಿ ಭಾಗ) ಹರ್ಪೀಸ್ ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿದೆವು. ಪಾಸಿಟಿವ್. ಹರ್ಪೀಸ್ ಹೆಪಟೈಟಿಸ್‌ನಲ್ಲಿ ಕಾಮಾಲೆ ಕಾಣದೇ ಹೋಗುವುದು ಪುಸ್ತಕದಲ್ಲೇ ಇದೆ. ಅಸೈಕ್ಲೋವಿರ್ ಅನ್ನುವ ಔಷಧಿಯೂ ಇದೆ. ನನ್ನ ಜರಡಿ ಆಕೆಯನ್ನು ಲೆಕ್ಕದಿಂದಲೇ ಹೊರಗೆ ಹಾಕಿತ್ತು. ಅವತ್ತೇ ಆ ಜರಡಿ ತೆಗೆದೆ. ಪ್ಯಾರಾಸಿಟಮಾಲ್ ಕೇಸುಗಳ ಮೊದಲ ಎರಡು ದಿನವೂ ಹಾಗೇ ಅಲ್ವಾ, ಬಿಲಿರುಬಿನ್ ತಡವಾಗಿ ಏರುತ್ತದೆ.

ಈಗ ಬಳಸುವ ರೀತಿಯಲ್ಲಿ ಲಿವರ್ ಎನ್‌ಜೈಮಿನ ಮಿತಿ ಇಲ್ಲ. ವಾರ್ಫರಿನ್ ತಗೊಳ್ಳುವವರನ್ನು ಶೀಟು ತೆರೆಯದೆಯೇ ತೆಗೆದುಹಾಕುತ್ತೇನೆ. ಲ್ಯಾಬಿನ ದಾಖಲೆಯಲ್ಲೇ ಅದಕ್ಕೆ ಸುಳಿವಿದೆ. ಆ ಉಪಾಯ ಇಲ್ಲಿ ಬರೆಯುವುದಿಲ್ಲ, ಪ್ರಬಂಧ ಅಚ್ಚಾಗುವವರೆಗೂ ನನ್ನ ಹತ್ತಿರವೇ ಇರಲಿ. ಅದೊಂದರಿಂದ ಮತ್ತು ಹಳೆಯ ಸಿರೋಸಿಸ್ ದಾಖಲೆಯಿಂದ 9,000 ಇಳಿದು 1,400 ಆಯಿತು. ಒಂದು ಶೀಟಿಗೆ 20 ನಿಮಿಷ ಅಂದರೆ 460 ಗಂಟೆಗೂ ಜಾಸ್ತಿ. ನಾನು ಮತ್ತು ಇಬ್ಬರು ರೆಸಿಡೆಂಟ್‌ಗಳು ಸಂಜೆ ಹೊತ್ತು ಕೂತು ಓದಿದೆವು.

ಒಂದು ಮಾತು ಮಾತ್ರ ಮುಚ್ಚಿಡದೆ ಹೇಳುತ್ತೇನೆ. ಯಾವಾಗಲೂ ಮೊಟ್ಟಮೊದಲ ಐಎನ್‌ಆರ್ ಹಿಡಿಯಿರಿ. ಪ್ಲಾಸ್ಮಾ (ದಾನಿಯ ರಕ್ತದ ದ್ರವ ಭಾಗ) ಹಾಕಿದ ಮೇಲಿನದು ತಾತ್ಕಾಲಿಕವಾಗಿ ಇಳಿದು ನಿಮ್ಮನ್ನು ಮೋಸ ಮಾಡುತ್ತದೆ. ಕಾಮಾಲೆ ತುಂಬ ದಿನದಿಂದ ಇದ್ದರೆ ವಿಟಮಿನ್ ಕೆ ಕೊಟ್ಟ ಮೇಲೆ ಇಳಿಯಿತಾ ಅಂತಲೂ ನೋಡಿ, ಇಳಿದರೆ ಅದು ಬರೀ ವಿಟಮಿನ್ ಕೊರತೆ.

ನಿಜವಾದ ಕಷ್ಟ ಐಎನ್‌ಆರ್ ಅಲ್ಲ, ಎನ್‌ಸೆಫಲೋಪತಿ. ಕೋಮಾ ಆದರೆ ಎಲ್ಲರೂ ಬರೆಯುತ್ತಾರೆ. ಒಂದನೇ, ಎರಡನೇ ಹಂತವನ್ನು ಯಾರೂ ಬರೆಯುವುದಿಲ್ಲ. ಬೆಳಗಿನ ರೌಂಡಿನ ಬರಹದಲ್ಲಿ "ಪ್ರಜ್ಞೆ ಇದೆ, ಗೊಂದಲವಿಲ್ಲ" ಅಂತ ಒಂದೇ ಸಾಲು. ನನಗೆ ದಾರಿ ತೋರಿಸಿದ್ದು ರಾತ್ರಿ ಪಾಳಿಯ ಸಿಸ್ಟರ್‌ಗಳ ಬರಹ. ಒಂದು ಶೀಟಿನಲ್ಲಿ ಹೀಗಿತ್ತು: "2.30. ಹಾಸಿಗೆಯಿಂದ ಎದ್ದು ಪಕ್ಕದವರ ಚಪ್ಪಲಿ ಹಾಕಿಕೊಂಡು ಬಾಗಿಲ ಕಡೆ ಹೋದರು. ಕೇಳಿದರೆ ಬಸ್ಸು ಹೊರಟಿತು ಅಂದರು." ಅದೇ ಬೆಳಿಗ್ಗೆ 9 ಗಂಟೆಗೆ ಡಾಕ್ಟರ ಕೈಬರಹದಲ್ಲಿ ಗೊಂದಲವಿಲ್ಲ. ಎರಡು ದಿನಕ್ಕೆ ಆ ರೋಗಿ ವೆಂಟಿಲೇಟರ್ ಮೇಲೆ. ಅಲ್ಲಿಂದ ಮುಂದೆ ನಾವು ಡಾಕ್ಟರ ಬರಹಕ್ಕಿಂತ ಮೊದಲು ನರ್ಸಿಂಗ್ ಹಾಳೆ ಓದಿದೆವು. ಹಗಲು ನಿದ್ದೆ ರಾತ್ರಿ ಎಚ್ಚರ, ಡ್ರಿಪ್ ಕಿತ್ತದ್ದು, ಮಗಳನ್ನು ಗುರುತಿಸದೆ ಬೈದದ್ದು, ಎಲ್ಲವನ್ನೂ ಗುರುತು ಹಾಕಿಕೊಂಡೆವು. ಲ್ಯಾಬ್ ಪಟ್ಟಿಯಿಂದ ಕೊನೆಗೆ ಸಿಕ್ಕ 112 ಕೇಸಿನಲ್ಲಿ ಹೆಚ್ಚುಕಡಿಮೆ ಮೂವತ್ತು ಬರೀ ಸಿಸ್ಟರ್‌ಗಳ ಬರಹದಿಂದ ಸಿಕ್ಕಿದ್ದು. ಕೋಡು ಹಿಡಿದು ಕೂತಿದ್ದರೆ ಅವು ಯಾವತ್ತೂ ಸಿಗುತ್ತಿರಲಿಲ್ಲ.

ಮಕ್ಕಳಲ್ಲಿ ಇದು ಇನ್ನೂ ಕಷ್ಟ. ಸುಮ್ನೆ ಅಳುವ ಮಗುವಿಗೂ ಮಂಪರಿನ ಮಗುವಿಗೂ ವ್ಯತ್ಯಾಸ ಕಾಗದದಲ್ಲಿ ಕಾಣಿಸುವುದಿಲ್ಲ. ಅದಕ್ಕೇ ಮಕ್ಕಳ ವ್ಯಾಖ್ಯೆಯಲ್ಲಿ ಐಎನ್‌ಆರ್ 2 ಮುಟ್ಟಿದರೆ ಎನ್‌ಸೆಫಲೋಪತಿ ಇಲ್ಲದಿದ್ದರೂ ಸೇರಿಸುತ್ತಾರೆ. ನಾನು ಮಕ್ಕಳ ಪಟ್ಟಿ ಬೇರೆಯೇ ಇಟ್ಟೆ, ಈ ಲೆಕ್ಕದಲ್ಲಿ ಬೆರೆಸಿಲ್ಲ.

ಇನ್ನು ದುಡ್ಡು. ಕೇಳಿದ್ದರಲ್ಲಿ ಮೂರನೇ ಒಂದು ಪಾಲು ಮಂಜೂರಾಯಿತು. ಅದರಲ್ಲಿ ಅರ್ಧ ಸೀರಮ್ ಕಾದಿಡುವ ಮೈನಸ್ 80 ಡಿಗ್ರಿಯ ಫ್ರೀಜರ್ ತಿಂದಿತು. ಎಥಿಕ್ಸ್ ಒಪ್ಪಿಗೆಗೆ ಐದು ತಿಂಗಳು ಕಾದೆವು, ಆ ಐದು ತಿಂಗಳು ಫ್ರೀಜರ್ ಖಾಲಿ ಓಡಿತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಹೆಪಟೈಟಿಸ್ ಇ ಐಜಿಎಂ (ಹೊಸ ಸೋಂಕಿನ ಗುರುತಾದ ಪ್ರತಿಕಾಯ) ಪರೀಕ್ಷೆಯ ಕಿಟ್. ಒಂದು ಪ್ಲೇಟಿಗೆ 96 ಗುಂಡಿ. ನಮಗೆ ತಿಂಗಳಿಗೆ ಮೂರು ನಾಲ್ಕು ಸ್ಯಾಂಪಲ್. ಒಂದು ಸ್ಯಾಂಪಲ್ ಹಾಕಿದರೂ ಕಂಟ್ರೋಲ್‌ಗಳನ್ನು (ಫಲಿತಾಂಶ ಮೊದಲೇ ಗೊತ್ತಿರುವ ಸ್ಯಾಂಪಲ್) ಪ್ರತಿ ಸಲ ಹಾಕಲೇಬೇಕು. ಮೊದಲ ಕಿಟ್‌ನಲ್ಲಿ ಅರ್ಧದಷ್ಟೂ ಬಳಸುವ ಮುಂಚೆ ಅವಧಿ ಮುಗಿಯಿತು. ಎಸೆದೆವು. ಆಮೇಲೆ ಸೀರಮ್ ಸಣ್ಣ ಸಣ್ಣ ಟ್ಯೂಬಿನಲ್ಲಿ ಹಂಚಿಟ್ಟು, ಸಾಕಷ್ಟು ಕೂಡಿದ ಮೇಲೆ ಒಂದೇ ಸಲ ಓಡಿಸಲು ಶುರು ಮಾಡಿದೆ. ಖರ್ಚು ಮೂರನೇ ಒಂದಕ್ಕೆ ಇಳಿಯಿತು. ರೋಗಿಗೆ ಅವತ್ತೇ ಬೇಕಾದ ಪರೀಕ್ಷೆ ಆಸ್ಪತ್ರೆಯ ಮಾಮೂಲು ಲ್ಯಾಬಿನಲ್ಲೇ ಆಗುತ್ತಿತ್ತು, ಅದನ್ನು ಎಂದೂ ತಡ ಮಾಡಿಲ್ಲ.

ನಡುವೆ ಒಂದು ಸಣ್ಣ ಪ್ರಯೋಗ ಮಾಡಿದೆ. ಕಾರಣ ಗೊತ್ತಾಗದ ಕೇಸುಗಳ ಮನೆಯವರನ್ನು ಒಂದು ತಿಂಗಳು ಬಿಟ್ಟು ಮತ್ತೆ ಮಾತಾಡಿಸಿದೆ. ಮೊದಲ ಸಲ ಐಸಿಯು ಬಾಗಿಲಲ್ಲಿ ನಿಂತು ಕೇಳಿದಾಗ "ಏನೂ ತಗೊಂಡಿಲ್ಲ ಸಾರ್" ಅಂದವರು, ಎರಡನೇ ಸಲ ಕೂತು ಕೇಳಿದಾಗ ಕ್ಷಯದ ಮಾತ್ರೆ, ಕಾಮಾಲೆಗೆ ಅಂತ ಕುಡಿದ ಬೇರಿನ ರಸ, ಮೈಕೈ ನೋವಿಗೆ ನುಂಗಿದ ಹೆಸರಿಲ್ಲದ ಪುಡಿ, ಒಂದೊಂದಾಗಿ ಹೇಳಿದರು. ಕೇಳುವ ಸಮಯವೇ ತಪ್ಪಿತ್ತು ಅಂತ ನನಗೆ ಆಗ ಹೊಳೆಯಿತು. ಪ್ಯಾರಾಸಿಟಮಾಲ್ ವಿಷಯದಲ್ಲಿ ಅಮೆರಿಕದ ಗುಂಪು ಇದನ್ನು ರಕ್ತದಲ್ಲೇ ತೋರಿಸಿದೆ. ಕಾರಣ ಸಿಗದ 36 ಮಂದಿಯ ಸೀರಮ್ ತೆಗೆದು ಪ್ಯಾರಾಸಿಟಮಾಲ್ ಅಂಟಿದ ಪ್ರೋಟೀನ್ ಹುಡುಕಿದಾಗ 7 ಮಂದಿಯಲ್ಲಿ ಸಿಕ್ಕಿತು. ತಿರುಗುಮುರುಗೂ ಇದೆ. ಅಲ್ಲಿಯೇ ಔಷಧಿಯಿಂದ ಲಿವರ್ ಕೆಟ್ಟಿದೆ ಅಂದುಕೊಂಡಿದ್ದ 318 ಮಂದಿಯಲ್ಲಿ 9 ಮಂದಿಗೆ ಹೆಪಟೈಟಿಸ್ ಇ ಐಜಿಎಂ ಇತ್ತು. ನಾನೂ ನಮ್ಮ "ಔಷಧಿ" ಕೇಸುಗಳ ಸೀರಮ್ಮಿಗೆ ಈ ಪರೀಕ್ಷೆ ಮತ್ತೆ ಹಾಕಿಸಿದೆ. ಇಬ್ಬರು ಹೆಪಟೈಟಿಸ್ ಇ ಕಡೆಗೆ ಜಿಗಿದರು.

ವಯಸ್ಸು, ಲಿಂಗದ ವಿಷಯ. 2002ರಲ್ಲಿ ಬಂದ ಅಮೆರಿಕದ 17 ಕೇಂದ್ರಗಳ 308 ರೋಗಿಗಳಲ್ಲಿ 73% ಹೆಂಗಸರು, ನಡು ವಯಸ್ಸು 38, ಪ್ಯಾರಾಸಿಟಮಾಲ್ 39%. ಇದನ್ನು ಎಲ್ಲ ಕಡೆಗೂ ಅನ್ವಯಿಸುವವರಿದ್ದಾರೆ. ಅನ್ವಯಿಸಬಾರದು. ದಕ್ಷಿಣ ಏಷ್ಯಾದಲ್ಲಿ ಹೆಪಟೈಟಿಸ್ ಇ ಮುಂದಿದೆ, ಜಪಾನಿನಲ್ಲಿ ಹೆಪಟೈಟಿಸ್ ಬಿ. ಕಾರಣ ಬದಲಾದಂತೆ ರೋಗಿಯ ಮುಖವೂ ಬದಲಾಗುತ್ತದೆ. ಅರ್ಜೆಂಟೀನಾ 2005ರಲ್ಲಿ ಒಂದು ವರ್ಷ ತುಂಬಿದ ಎಲ್ಲ ಮಕ್ಕಳಿಗೂ ಹೆಪಟೈಟಿಸ್ ಎ ಲಸಿಕೆ ಒಂದೇ ಡೋಸು ಕೊಡಲು ಶುರು ಮಾಡಿತು. ಅಲ್ಲಿ ಮಕ್ಕಳ ಲಿವರ್ ಫೇಲ್ಯೂರಿಗೆ ಅದೇ ಮೊದಲ ಕಾರಣವಾಗಿತ್ತು, ಕೆಲವೇ ವರ್ಷದಲ್ಲಿ ಪಟ್ಟಿಯಿಂದಲೇ ಮಾಯವಾಯಿತು. ಈ ಸಾಲು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ನಮ್ಮಲ್ಲಿ ಕಂಡದ್ದು: ಲಿವರ್ ಕಸಿ ಕೇಂದ್ರಕ್ಕೆ ಕಳಿಸಿದವರ ಪಟ್ಟಿ ನೋಡಿದರೆ ಇದು ಬರೀ ಹರೆಯದವರ ಕಾಯಿಲೆ ಅನ್ನಿಸುತ್ತದೆ. ಲ್ಯಾಬ್ ಪಟ್ಟಿಯಲ್ಲಿ 60 ದಾಟಿದವರು ಎದ್ದು ಬಂದರು. ಅವರನ್ನು ಯಾರೂ ಕಸಿಗೆ ಕಳಿಸಿರಲಿಲ್ಲ, ಅಷ್ಟೇ. ಹೈಪರ್‌ಅಕ್ಯೂಟ್ ಕೇಸುಗಳೂ ಹಾಗೇ, ಕಳಿಸುವಷ್ಟರಲ್ಲಿ ಕೆಲವರು ಹೋಗಿಬಿಟ್ಟಿದ್ದರು.

ಬಿಟ್ಟುಹೋದದ್ದು ಎಷ್ಟು ಅಂತ ನೋಡಲು ಕೊನೆಗೆ ಎರಡು ಪಟ್ಟಿ ಹೊಂದಿಸಿದೆ. ಲ್ಯಾಬ್ ಪಟ್ಟಿಯಲ್ಲಿ ನಿಜವಾದ ಕೇಸು 112. ಕೋಡು, ವಿಷದ ರಿಜಿಸ್ಟರು, ಕಸಿ ರಿಜಿಸ್ಟರು ಸೇರಿಸಿದ ಎರಡನೇ ಪಟ್ಟಿಯಲ್ಲಿ 58. ಎರಡರಲ್ಲೂ ಇದ್ದವರು 49. ಅಂದರೆ ಒಟ್ಟು 121 ಜನ ಕಣ್ಣಿಗೆ ಬಿದ್ದರು. ಮೀನು ಎಣಿಸುವವರ ಸೂತ್ರ (ಎರಡು ಪಟ್ಟಿಯ ಸಂಖ್ಯೆ ಗುಣಿಸಿ, ಎರಡರಲ್ಲೂ ಇದ್ದವರ ಸಂಖ್ಯೆಯಿಂದ ಭಾಗಿಸುವುದು) ಹಾಕಿದರೆ ನಿಜ ಸಂಖ್ಯೆ 132ರ ಹತ್ತಿರ. ಹನ್ನೊಂದು ಜನ ಎರಡೂ ಬಲೆಗೆ ಸಿಗದೆ ಹೋಗಿದ್ದಾರೆ. ಐಎನ್‌ಆರ್ ಕಳಿಸುವ ಮುಂಚೆಯೇ ಎಮರ್ಜೆನ್ಸಿಯಲ್ಲಿ ತೀರಿಕೊಂಡವರು ಎರಡರಲ್ಲೂ ಬರುವುದಿಲ್ಲ, ಹಾಗಾಗಿ ಇದೂ ಕಡಿಮೆ ಲೆಕ್ಕವೇ. ಆದರೆ ಲ್ಯಾಬ್ ಪಟ್ಟಿಯೊಂದೇ 132ರಲ್ಲಿ 112 ಹಿಡಿಯಿತು. ಎರಡನೇ ಪಟ್ಟಿ ಅರ್ಧವನ್ನೂ ಹಿಡಿಯಲಿಲ್ಲ. ಈ ಎರಡು ಅಂಕಿ ಬೋರ್ಡಿನ ಮೇಲೆ ಬರೆದ ದಿನ ವಿಭಾಗದಲ್ಲಿ ವಾದ ನಿಂತಿತು.

ಇನ್ನೂ 14 ಮಂದಿಯ ಕಾರಣ ಸಿಕ್ಕಿಲ್ಲ. ಅವರ ಸೀರಮ್ ಫ್ರೀಜರಿನ ಮೂರನೇ ತಟ್ಟೆಯಲ್ಲಿದೆ. ಹರ್ಪೀಸ್ ಪಿಸಿಆರ್ ಮುಂದಿನ ವಾರ, ಎಲ್ಲರದ್ದೂ ಒಂದೇ ಸಲ.