ಬೆಕ್ಕಿಗೆ ಉಸಿರಾಟದ ತೊಂದರೆಯೇ? ಹೀಗೆ ಮಾಡಿ

ನಾಯಿ ಬಾಯಿ ತೆರೆದು ಏದುಸಿರು ಬಿಡುವುದು ಮಾಮೂಲು. ಬೆಕ್ಕಿನ ವಿಷಯದಲ್ಲಿ ಹಾಗಲ್ಲ. ಜೋರಾಗಿ ಓಡಾಡಿ ಆಡಿದ ಮೇಲೋ, ಹೆದರಿದಾಗಲೋ ಸ್ವಲ್ಪ ಹೊತ್ತು ಬಾಯಿ ತೆರೆಯಬಹುದು. ಸುಮ್ನೆ ಕೂತಿರುವಾಗಲೂ ಬಾಯಲ್ಲಿ ಉಸಿರಾಡುತ್ತಿದ್ದರೆ ಅದು ತುರ್ತು. ಸಂಜೆವರೆಗೂ ನೋಡೋಣ ಅನ್ನುವಂತಿಲ್ಲ.

ಅಷ್ಟು ಜೋರಿಲ್ಲ, ಬರೀ ಅನುಮಾನ ಅಂದರೆ ಮೊದಲು ಉಸಿರು ಎಣಿಸಿ. ಬೆಕ್ಕು ನಿದ್ದೆಯಲ್ಲಿರುವಾಗ ಮುಟ್ಟದೆ, ದೂರದಿಂದಲೇ ಪಕ್ಕೆ ನೋಡಿ. ಏರಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ 30 ಸೆಕೆಂಡ್ ಟೈಮರ್ ಇಟ್ಟು ಎಣಿಸಿ, ಎರಡರಷ್ಟು ಮಾಡಿ. ಗುರ್‌ಗುಟ್ಟುತ್ತಿರುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 30 ಇರುತ್ತದೆ. ನಿದ್ದೆಯಲ್ಲೂ ಮತ್ತೆ ಮತ್ತೆ 30 ದಾಟುತ್ತಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. 40 ದಾಟಿದರೆ ತಕ್ಷಣ ಹೊರಡಿ. ಬೆಕ್ಕು ಸಂಕಟ ತೋರಿಸಿಕೊಳ್ಳುವ ಪ್ರಾಣಿಯಲ್ಲ. ಹೃದಯದ ಕಾಯಿಲೆಯಿಂದ ಶ್ವಾಸಕೋಶದಲ್ಲಿ ನೀರು ತುಂಬುತ್ತಿದ್ದರೂ ಮಂಚದ ಕೆಳಗೆ ಮುದುರಿಕೊಂಡು ಕೂತಿರುತ್ತದೆ, ಅಷ್ಟೆ.

ಮುಂಗಾಲಿನ ಮೊಣಕೈ ಹೊರಗೆ ಚಾಚಿ, ಕತ್ತು ಮುಂದಕ್ಕೆ ನೀಡಿ, ಹೊಟ್ಟೆ ಎಳೆದೆಳೆದು ಉಸಿರಾಡುತ್ತಿದ್ದರೆ ಎಣಿಸುತ್ತ ಕೂರಬೇಡಿ. ಬೆಕ್ಕು ಮುಟ್ಟಲು ಬಿಟ್ಟರೆ ಮಾತ್ರ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಕೆಲವಕ್ಕೆ ಹುಟ್ಟಾ ಕಪ್ಪು ಒಸಡು, ಆಗ ನಾಲಿಗೆ ನೋಡಿ. ನೀಲಿಯಾಗಿದ್ದರೆ, ಬಿಳಿಚಿಕೊಂಡಿದ್ದರೆ ಒಂದು ನಿಮಿಷವೂ ತಡ ಮಾಡುವಂತಿಲ್ಲ.

ಜಾಸ್ತಿ ಜನ ಎಡವುವುದು ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ. ಪ್ರೀತಿಯಿಂದ ಎದೆಗವಚಿಕೊಳ್ಳುತ್ತಾರೆ, ಟವೆಲ್ ಸುತ್ತುತ್ತಾರೆ, ಬಾಯಿಗೆ ನೀರು ಬಿಡುತ್ತಾರೆ. ಉಸಿರು ಸಾಲದ ಬೆಕ್ಕು ಒದ್ದಾಡಿದಷ್ಟೂ ಅಪಾಯ ಜಾಸ್ತಿ. ನೀರು ಶ್ವಾಸನಾಳಕ್ಕೂ ಇಳಿಯಬಹುದು. ಮನೆಮಂದಿಯೆಲ್ಲ ಸುತ್ತ ನಿಲ್ಲಬೇಡಿ, ಒಬ್ಬರೇ ಎತ್ತಿ. ಬೆಕ್ಕು ಒಯ್ಯುವ ಕ್ಯಾರಿಯರ್ ಇಲ್ಲವಾ? ತೂತು ಮಾಡಿದ ರಟ್ಟಿನ ಡಬ್ಬ ಸಾಕು. ತಳಕ್ಕೆ ಅದು ದಿನಾ ಮಲಗುವ ಬಟ್ಟೆ ಹಾಸಿ. ಹೇಗೆ ಕೂರುತ್ತದೋ ಹಾಗೇ ಬಿಡಿ, ಬಲವಂತವಾಗಿ ಮಲಗಿಸಬೇಡಿ. ಹೊರಡುವ ಮುಂಚೆ ಫೋನ್ ಮಾಡಿ, ಆಕ್ಸಿಜನ್ ಇದೆಯಾ ಅಂತ ಕೇಳಿಕೊಳ್ಳಿ. ಎಲ್ಲ ಕ್ಲಿನಿಕ್‌ಗಳಲ್ಲೂ ಇರುವುದಿಲ್ಲ.

ಮನೆಯ ಮಾತ್ರೆ ಮುಟ್ಟಲೇಬೇಡಿ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತದೆ. ವಿಕ್ಸ್, ಕರ್ಪೂರ, ನೀಲಗಿರಿ ಎಣ್ಣೆಯೂ ಬೇಡ.

ಬರೀ ನೆಗಡಿ, ಮೂಗು ಕಟ್ಟಿದೆ, ಆದರೆ ಓಡಾಡಿಕೊಂಡಿದೆ ಅಂದರೆ ಗಾಬರಿ ಬೇಡ. ಬಿಸಿನೀರು ಬಿಟ್ಟು ಹಬೆ ತುಂಬಿದ ಬಚ್ಚಲಲ್ಲಿ ಹತ್ತು ನಿಮಿಷ ಜೊತೆಗೆ ಕೂತಿರಿ. ನೀರು ಅದರ ಮೈಗೆ ತಾಗದಿರಲಿ. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಮೂಗು ಒರೆಸಿ. ವಾಸನೆ ಹತ್ತದಿದ್ದರೆ ಬೆಕ್ಕು ತಿನ್ನುವುದಿಲ್ಲ, ಹಾಗಾಗಿ ಬೇಯಿಸಿದ ಮೀನನ್ನು ಸ್ವಲ್ಪ ಬಿಸಿ ಮಾಡಿ ಕೊಡಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರಿಗೆ ತೋರಿಸಿ. ಉಪವಾಸ ಮುಂದುವರಿದರೆ ಲಿವರ್ ಕೆಡುತ್ತದೆ.

ಇನ್ನು ಉಬ್ಬಸ. ನೆಲಕ್ಕೆ ಕುಗ್ಗಿ, ಕತ್ತು ನೀಡಿ ಕೆಮ್ಮುವುದನ್ನು ನೋಡಿ ‘ಕೂದಲುಂಡೆ ಕಕ್ಕುತ್ತಿದೆ’ ಅಂದುಕೊಳ್ಳುವವರೇ ಹೆಚ್ಚು. ಪದೇ ಪದೇ ಹಾಗೆ ಮಾಡಿಯೂ ಏನೂ ಹೊರಗೆ ಬರುತ್ತಿಲ್ಲವಾದರೆ ಅನುಮಾನಪಡಿ. ವಿಡಿಯೊ ಮಾಡಿಟ್ಟುಕೊಳ್ಳಿ, ಡಾಕ್ಟರ ಮೇಜಿನ ಮೇಲೆ ಬೆಕ್ಕು ಕೆಮ್ಮುವುದೇ ಇಲ್ಲ! ಸೊಳ್ಳೆಬತ್ತಿ, ಊದುಬತ್ತಿ, ಸಿಗರೇಟು, ರೂಮ್ ಸ್ಪ್ರೇ, ಬೆಕ್ಕಿನ ಕಕ್ಕಸು ಡಬ್ಬಿಗೆ ಹಾಕುವ, ಧೂಳೇಳುವ ಲಿಟರ್ ಮಣ್ಣು, ಇವೆಲ್ಲ ಉಬ್ಬಸ ಕೆರಳಿಸುತ್ತವೆ. ದೇವರಿಗೆ ದೀಪ ಒಂದೇ ಹಚ್ಚಿದರೂ ನಡೆಯುತ್ತದೆ, ಅಲ್ವಾ?

ಡಾಕ್ಟರು ಇನ್ಹೇಲರ್ ಬರೆದುಕೊಟ್ಟರೆ ಬೆಕ್ಕಿಗೆಂದೇ ಇರುವ ಮಾಸ್ಕ್, ಸ್ಪೇಸರ್ (ಇನ್ಹೇಲರಿಗೂ ಮಾಸ್ಕಿಗೂ ನಡುವೆ ಜೋಡಿಸುವ ಕೊಳವೆ) ಬೇಕಾಗುತ್ತದೆ. ಮೊದಲ ಕೆಲವು ದಿನ ಔಷಧ ಹಾಕದೆ, ಬರೀ ಮಾಸ್ಕ್ ಮೂಸಲು ಬಿಟ್ಟು ತಿನ್ನಲು ಏನಾದರೂ ಕೊಡಿ. ಅಭ್ಯಾಸವಾದ ಮೇಲೆ ಮೂಗು ಬಾಯಿ ಮುಚ್ಚುವಂತೆ ಹಿಡಿದು, ಏಳರಿಂದ ಹತ್ತು ಉಸಿರು ಎಣಿಸಿ ತೆಗೆಯಿರಿ. ಕೆಮ್ಮು ನಿಂತಿತು ಅಂತ ನೀವಾಗಿಯೇ ಔಷಧ ನಿಲ್ಲಿಸಬೇಡಿ.